ಸಭೆಯಾಗಿ ಕೂಡುವುದು

“ಮನೆಯಲ್ಲಿಯೇ ಕುಳಿತು ವೇದವನ್ನೋದಿ ಪ್ರಾರ್ಥಿಸಿದರೆ ಸಾಲದೇ? ದೇವರು ದೇವಾಲಯದ ಗೋಡೆಗಳೊಳಗೆ ಮಾತ್ರ ಇರುವನೇ?” ಎಂದು ಕ್ರೈಸ್ತ ಗೃಹಸ್ಥರಲ್ಲಿ ಕೆಲವರು ಕೇಳುವುದುಂಟು. 2020ರ ಮಹಾವ್ಯಾಧಿಯ ಕಾಲದಲ್ಲಿ ದೇವಾಲಯಗಳು ಮುಚ್ಚಿದ್ದಾಗ ಆರಾಧನೆಯು ಮೊಬೈಲಿನ ಮೂಲಕ ಮನೆಮನೆಗೆ ಬಂದಿತು. ಅದು ಆಗ ದೊಡ್ಡ ಉಪಕಾರವೇ ಆಯಿತು. ಬಾಗಿಲುಗಳು ಮತ್ತೆ ತೆರೆದ ಮೇಲೂ ಆ ಸೌಕರ್ಯಕ್ಕೆ ಒಗ್ಗಿಹೋದ ಕೆಲವರು ಹಿಂದಿರುಗಲಿಲ್ಲ. ಪ್ರಶ್ನೆಯನ್ನು ಸೋಮಾರಿಗಳ ನೆವವೆಂದು ತಳ್ಳಿಬಿಡುವುದು ನ್ಯಾಯವಲ್ಲ.

ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯಂಥ ಗ್ರಾಮದಲ್ಲಿ ನೆಲಸಿರುವ ಒಂದು ಕ್ರೈಸ್ತ ಕುಟುಂಬವನ್ನು ಭಾವಿಸೋಣ. ನೆರೆಯಲ್ಲಿ ತಮ್ಮ ಸಭೆಯವರು ಯಾರೂ ಇಲ್ಲ; ಆರಾಧನೆಗೆ ಪಟ್ಟಣದವರೆಗೆ ಹೋಗಬೇಕು. ಹಾಲು ಕರೆಯುವ ಹಸುವಿಗೆ ಭಾನುವಾರವಿಲ್ಲ, ಕಬ್ಬಿನ ಗದ್ದೆಗೆ ನೀರು ಬಿಡುವ ಸರದಿಗೂ ಭಾನುವಾರವಿಲ್ಲ. ಇಂಥವರಿಗೆ “ತಪ್ಪದೆ ಬನ್ನಿರಿ” ಎಂದು ಉಪದೇಶಿಸುವುದು ದೇವಾಲಯದ ಮಗ್ಗುಲಲ್ಲಿಯೇ ಮನೆಮಾಡಿಕೊಂಡವರಿಗೆ ಬಹು ಸುಲಭ.

ಆದರೂ ಅದೇ ಮೈಸೂರಿನ ಹೆದ್ದಾರಿಯಲ್ಲಿ ಮುಂದುವರಿದು, ಮಂಡ್ಯವನ್ನು ದಾಟಿ ಶ್ರೀರಂಗಪಟ್ಟಣವನ್ನು ಸೇರಿದರೆ, ಈ ಪ್ರಶ್ನೆಗೆ ಒಂದು ಉತ್ತರವು ದೊರೆಯುತ್ತದೆ. ಕೆನರಾ ಸೀಮೆಯ ಕ್ರೈಸ್ತರು ಯುದ್ಧದಲ್ಲಿ ಇಂಗ್ಲಿಷರಿಗೆ ನೆರವಾದರೆಂಬ ಆಪಾದನೆಯ ಮೇಲೆ ಟಿಪ್ಪು ಸುಲ್ತಾನನು 1784ರಲ್ಲಿ ಅವರನ್ನು ಸಂಸಾರಸಮೇತ ಹಿಡಿಸಿ, ಘಟ್ಟ ಹತ್ತಿಸಿ, ಅಲ್ಲಿಗೆ ಸಾಗಿಸಿದನು. ಅವರ ಗುರುಗಳು ದೇಶಭ್ರಷ್ಟರಾದರು. ಬಿಟ್ಟುಬಂದ ಊರುಗಳಲ್ಲಿ ದೇವಾಲಯಗಳು ನೆಲಸಮವಾದುವು. ದಾರಿಯಲ್ಲಿಯೂ ಸೆರೆಯಲ್ಲಿಯೂ ಮಡಿದವರು ಅನೇಕರು. ಬಲಾತ್ಕಾರದಿಂದ ಮತಾಂತರ ಹೊಂದಿದವರು ಬಹುಮಂದಿ. 1799ರ ಮೇ 4ರಂದು ಕೋಟೆಯು ಬೀಳುವವರೆಗೆ, 15 ವರ್ಷ, ಅವರು ಹೀಗೆಯೇ ಕಳೆದರು.

ಆಮೇಲೆ ಅಲ್ಲಿಗೆ ಬಂದ ಫ್ರೆಂಚ್ ಪಾದ್ರಿ ಅಬ್ಬೆ ದುಬ್ವಾ ಅವರು 1823ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ತಮ್ಮ ಪತ್ರಗಳಲ್ಲಿ ಈ ಜನರ ವಿಷಯವನ್ನು ಬರೆದಿರುವರು. ಇಷ್ಟು ಸಾವಿರ ಮಂದಿಯಲ್ಲಿ ಎದುರುನಿಂತು ಪ್ರಾಣ ಕೊಡುವ ಧೈರ್ಯ ಒಬ್ಬರಿಗೂ ಬರಲಿಲ್ಲವೆಂದು ಅವರ ಕೊರಗು. ಮಕ್ಕಳುಮರಿಗಳೊಡನೆ ಸೆರೆಬಿದ್ದವರ ಮೇಲೆ ಹೊರಗಿನವರು ಕೊಡುವ ಈ ತೀರ್ಪು ನಮಗೆ ರುಚಿಸದು. ಆದರೆ ಅವರು ಮುಂದೆ ಹೇಳುವ ಸಂಗತಿಯು ಗಮನಾರ್ಹವಾದುದು. ಬಿಡುಗಡೆಯಾದೊಡನೆ ಆ ಜನರಲ್ಲಿ ಬಹುತೇಕರು, ತಾವು ಹೊರಗೆ ಮಾತ್ರ ಬಾಗಿದವರೆಂದೂ ಹೃದಯದಲ್ಲಿ ನಂಬಿಕೆಯು ಅಳಿದಿರಲಿಲ್ಲವೆಂದೂ ಬಿನ್ನವಿಸಿ, ತಮ್ಮನ್ನು ಮತ್ತೆ ಸಭೆಗೆ ಸೇರಿಸಿಕೊಳ್ಳಬೇಕೆಂದು ಬೇಡಿದರು. ತಮಗೆ ಸಂಧಿಸಿದವರು ಸುಮಾರು 2,000 ಮಂದಿಯೆಂದೂ, ಸುಮಾರು 20,000 ಮಂದಿ ಮಂಗಳೂರು ಸೀಮೆಗೆ ಹಿಂದಿರುಗಿ ದೇವಾಲಯಗಳನ್ನು ಪುನಃ ಕಟ್ಟಿಕೊಂಡರೆಂದೂ ದುಬ್ವಾ ಅವರ ಲೆಕ್ಕ. ಶ್ರೀರಂಗಪಟ್ಟಣದ ಮಗ್ಗುಲ ಗಂಜಾಮಿನಲ್ಲಿಯೂ 1800ರಲ್ಲಿ ಅವರ ಕೈಯಿಂದ ಒಂದು ದೇವಾಲಯವು ಎದ್ದಿತು.

ನಂಬಿಕೆಯನ್ನು ಒಬ್ಬೊಬ್ಬರೇ ಹೃದಯದಲ್ಲಿ ಇಟ್ಟುಕೊಳ್ಳಬಹುದೆಂಬುದಕ್ಕೆ ಇವರಿಗಿಂತ ದೊಡ್ಡ ಸಾಕ್ಷಿಗಳು ಯಾರು? ಹಾಗಿದ್ದರೆ ಅಷ್ಟೇ ಸಾಕೆಂದು ಅವರೇಕೆ ಸುಮ್ಮನಿರಲಿಲ್ಲ? ಹೊಲಮನೆಗಳು ಕೈಬಿಟ್ಟುಹೋಗಿದ್ದ ದೆಸೆಯಲ್ಲಿ ದೇವಾಲಯದ ಗೋಡೆಗಳನ್ನೆಬ್ಬಿಸುವ ತೊಂದರೆಯಾದರೂ ಏಕೆ? ನಾವು ತಿಳಿದ ಮಟ್ಟಿಗೆ, ಬಚ್ಚಿಟ್ಟ ನಂಬಿಕೆಯು ಮಕ್ಕಳ ಕಣ್ಣಿಗೆ ಕಾಣದು. ಸೆರೆಯ ಮೊದಲ ವರ್ಷದಲ್ಲಿ ಹುಟ್ಟಿದ ಮಗುವು ಕೋಟೆ ಬೀಳುವ ವೇಳೆಗೆ ಪ್ರಾಯಕ್ಕೆ ಬರುತ್ತಿತ್ತು. ಊರವರೆಲ್ಲ ಒಟ್ಟಾಗಿ ಮೊಣಕಾಲೂರಿದುದನ್ನು ಅದು ಎಂದಾದರೂ ಕಂಡಿತ್ತೇ? ತಂದೆಯ ಎದೆಯೊಳಗಿರುವುದನ್ನು ಮಗನು ಓದಲಾರನು. ಕರ್ತನ ಭೋಜನದ ರೊಟ್ಟಿಯನ್ನಂತೂ ಒಬ್ಬನೇ ಮುರಿದು ಒಬ್ಬನೇ ತಿನ್ನುವಂತಿಲ್ಲ. ಅವರಿಗೆ ಬಲಾತ್ಕಾರದಿಂದ ಒದಗಿದ ಒಂಟಿತನವನ್ನು ನಾವು ಇಷ್ಟಪಟ್ಟು ಆರಿಸಿಕೊಳ್ಳುವುದು ಸೋಜಿಗವಲ್ಲವೇ?

ಇನ್ನು ಆ ಹಳ್ಳಿಯ ಕುಟುಂಬದ ಮಾತು. ಬೆಳಗಿನ ಕೆಲಸ ತೀರಿಸಿ, ಬಸ್ಸು ಹಿಡಿದು ಬಂದು ಹಿಂದಿನ ಬೆಂಚಿನಲ್ಲಿ ಕುಳಿತವರನ್ನು, ಆರಾಧನೆ ಮುಗಿದ ಬಳಿಕ ಒಬ್ಬರೂ ಮಾತಾಡಿಸದೆ ಕಳುಹಿಸುವ ಸಭೆಗಳುಂಟು. ಹಾಗೆ ಮರಳಿದವರು ಮುಂದಿನ ವಾರ ಮೊಬೈಲನ್ನೇ ತೆರೆದರೆ ತಪ್ಪು ಅವರೊಬ್ಬರದೇ ಅಲ್ಲ. ತಿಂಗಳಿಗೊಂದು ಸಂಜೆ ಸಭಾಪಾಲಕರೂ ನಾಲ್ಕು ಸಂಸಾರದವರೂ ಅವರ ಮನೆಗೇ ಹೋಗಬಹುದು. ಹಿತ್ತಿಲಲ್ಲಿ ಹಾಲು ಕರೆದು ಮುಗಿಯುವವರೆಗೆ ಜಗಲಿಯಲ್ಲಿ ಕಾದಿದ್ದು, ಮನೆಯಾಕೆಯು ಕೈತೊಳೆದು ಬಂದು ಕುಳಿತ ಮೇಲೆ ಕೀರ್ತನೆಯನ್ನು ಎತ್ತಿಕೊಂಡರಾಯಿತು.