ಹಿರಿಯರ ಸಹಿಗೆ ಮುನ್ನ

ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಕೊಡಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಕೇಳಿದಾಗ, ಕನ್ನಡ ಪಂಡಿತನಾದ ನನ್ನಿಂದ ಅವರು ಕಾವ್ಯವಿಚಾರವನ್ನೋ ವ್ಯಾಕರಣವಿಚಾರವನ್ನೋ ನಿರೀಕ್ಷಿಸಿದ್ದಿರಬೇಕು. ಈ ಸಲ ನಾನು ಆ ದಾರಿಯನ್ನು ಬಿಟ್ಟು ವಕೀಲರ ವಿಷಯವನ್ನೆತ್ತಿಕೊಂಡಿದ್ದೇನೆ. ಇದು ಅಧಿಕಪ್ರಸಂಗವೆಂದು ತೋರಿದರೆ ವಾಚಕರು ಮನ್ನಿಸಬೇಕು. ಶಬ್ದಾರ್ಥಗಳನ್ನು ಬಲ್ಲೆನೆಂಬ ಹಮ್ಮಿನಿಂದ ನಾನು ಮಾಡಿದ ತಪ್ಪೊಂದೇ ಈ ಬರಹಕ್ಕೆ ಕಾರಣ.

2016ನೆಯ ಇಸವಿಯಲ್ಲಿ ನನ್ನ ದೊಡ್ಡಮ್ಮನವರು ತಮ್ಮ ಹೆಸರಿನಲ್ಲಿದ್ದ ಒಂದೇ ಮನೆಯನ್ನು ಮಗನಿಗೆ ದಾನಪತ್ರದ ಮೂಲಕ ಕೊಡಲು ನಿಶ್ಚಯಿಸಿದರು. ಪತ್ರ ಬರಹಗಾರರು ಸಿದ್ಧಪಡಿಸಿದ ಕರಡು ನನ್ನ ಕೈಗೆ ಬಂದಿತು. "ನೀನು ಓದಿದವನು, ಒಂದು ಸಲ ನೋಡಪ್ಪ" ಎಂದರು ದೊಡ್ಡಮ್ಮ. ನಾನು ಕೆಂಪು ಶಾಯಿಯ ಲೇಖನಿಯನ್ನು ಹಿಡಿದು ಕುಳಿತೆ. ಅಲ್ಪಪ್ರಾಣ ಮಹಾಪ್ರಾಣಗಳ ದೋಷಗಳನ್ನು ತಿದ್ದಿದೆ. ಚಕ್ಕುಬಂದಿಯಲ್ಲಿ ಪೂರ್ವ ಪಶ್ಚಿಮಗಳು ಅದಲುಬದಲಾಗಿದ್ದುದನ್ನು ಸರಿಪಡಿಸಿದೆ. ಪುತ್ರಪೌತ್ರ ಪಾರಂಪರ್ಯವಾಗಿ ಅನುಭವಿಸಿಕೊಂಡು ಬರತಕ್ಕದ್ದೆಂಬ ಮಾತಿನ ಗಾಂಭೀರ್ಯವನ್ನು ಮೆಚ್ಚಿದೆ. ಆದರೆ ಆ ಪತ್ರದಲ್ಲಿ ಇಲ್ಲದಿದ್ದುದು ನನ್ನ ಕಣ್ಣಿಗೆ ಬೀಳಲಿಲ್ಲ. ದಾನ ಕೊಟ್ಟವರು ಬದುಕಿರುವವರೆಗೆ ಆ ಮನೆಯಲ್ಲಿ ವಾಸಿಸುವ ಹಕ್ಕನ್ನು ಉಳಿಸಿಕೊಂಡಿದ್ದಾರೆಂದಾಗಲಿ, ದಾನ ಪಡೆದವನು ಅವರ ಅನ್ನ, ವಸ್ತ್ರ, ಔಷಧೋಪಚಾರಗಳನ್ನು ನೋಡಿಕೊಳ್ಳತಕ್ಕದ್ದೆಂದಾಗಲಿ ಅಲ್ಲಿ ಬರೆದಿರಲಿಲ್ಲ.

ಮಗನು ದುಷ್ಟನಲ್ಲ. ತಾಯಿಯನ್ನು ಅಕ್ಕರೆಯಿಂದಲೇ ನೋಡಿಕೊಂಡನು. ಆದರೆ ವ್ಯಾಪಾರಕ್ಕೆಂದು ಮನೆಯನ್ನು ಅಡವಿಟ್ಟು ಸಾಲ ತೆಗೆದನು. ವ್ಯಾಪಾರ ಮುಳುಗಿತು, 2019ರಲ್ಲಿ ಮನೆ ಹರಾಜಾಯಿತು. ಎಪ್ಪತ್ತೆಂಟನೆಯ ವಯಸ್ಸಿನಲ್ಲಿ ದೊಡ್ಡಮ್ಮನವರು ಬಾಡಿಗೆಯ ಕೋಣೆಯೊಂದಕ್ಕೆ ಬಂದರು. "ಕಾಗದ ನೀನೇ ನೋಡಿದ್ದೆಯಲ್ಲಪ್ಪ" ಎಂದು ಒಮ್ಮೆ ಮಾತ್ರ ಅಂದರು. ಆ ಮಾತಿನಲ್ಲಿ ಆಕ್ಷೇಪಣೆಯ ಧ್ವನಿಯಿರಲಿಲ್ಲ. ಇದ್ದಿದ್ದರೆ ನನಗೆ ಸ್ವಲ್ಪ ಸಮಾಧಾನವಾಗುತ್ತಿತ್ತೋ ಏನೋ.

ಅಂದಿನಿಂದ ನನ್ನಲ್ಲಿ ಬೇರೂರಿರುವ ಅಭಿಪ್ರಾಯವಿದು: ವಯಸ್ಸಾದವರು ತಮ್ಮ ಆಸ್ತಿಗೆ ಸಂಬಂಧಿಸಿದ ಯಾವುದೇ ಪತ್ರಕ್ಕೆ ಸಹಿ ಹಾಕುವ ಮುನ್ನ, ಅವರಿಗೆಂದೇ ಬೇರೆಯಾಗಿ ಒಬ್ಬ ವಕೀಲರನ್ನು ಗೊತ್ತುಮಾಡಿಕೊಡುವುದು ಮಕ್ಕಳ ಹಾಗೂ ಬಂಧುಗಳ ಕರ್ತವ್ಯ. ಅಮೆರಿಕದಲ್ಲಿ ವೃದ್ಧರ ವ್ಯವಹಾರಗಳನ್ನೇ ವಿಶೇಷವಾಗಿ ನೋಡಿಕೊಳ್ಳುವ ವಕೀಲರ ವರ್ಗವೊಂದಿದೆ. ನಮ್ಮಲ್ಲಿ ಅಂತಹ ಪ್ರತ್ಯೇಕ ಹೆಸರು ರೂಢಿಗೆ ಬಂದಿಲ್ಲವಾದರೂ, ಸಿವಿಲ್ ವ್ಯವಹಾರಗಳಲ್ಲಿ ಪಳಗಿದ ವಕೀಲರು ತಾಲ್ಲೂಕು ಕೇಂದ್ರಗಳಲ್ಲಿಯೂ ದೊರೆಯುತ್ತಾರೆ. ಕೊರತೆಯಿರುವುದು ವಕೀಲರದಲ್ಲ, ಅವರ ಬಳಿಗೆ ಹೋಗುವ ಮನಸ್ಸಿನದು.

"ಹೆತ್ತ ಮಗನಿಗೆ ಮನೆ ಕೊಡುವುದಕ್ಕೆ ವಕೀಲನೇಕೆ? ಷರತ್ತು ಬರೆಯಿಸಿದರೆ ಮಗನನ್ನು ನಂಬಲಿಲ್ಲವೆಂದಾಗುವುದಿಲ್ಲವೆ?" ಎಂದು ಕೇಳುವವರುಂಟು. ಈ ಸಂಚಿಕೆಯನ್ನು ಓದುತ್ತಿರುವ ದಾನಿಗಳನ್ನೇ ನಾನು ಸಾಕ್ಷಿಗೆ ಕರೆಯುತ್ತೇನೆ. ವಿದ್ಯಾಸಂಸ್ಥೆಗೆ ದತ್ತಿಯನ್ನಿಡುವವರು ಮೂಲಧನವನ್ನು ಮುಟ್ಟತಕ್ಕದ್ದಲ್ಲವೆಂದೂ, ಬಡ್ಡಿಯಿಂದ ಇಂತಹ ವಿದ್ಯಾರ್ಥಿಗೆ ಇಂತಹ ಬಹುಮಾನವನ್ನು ಕೊಡತಕ್ಕದ್ದೆಂದೂ ಬರೆದುಕೊಡುತ್ತಾರೆ. ಇದರಿಂದ ಸಂಸ್ಥೆಯ ಮೇಲೆ ಅವರಿಗೆ ನಂಬಿಕೆಯಿಲ್ಲವೆಂದು ಯಾರಾದರೂ ಹೇಳಿದ್ದುಂಟೆ? ಆಡಳಿತ ನಡೆಸುವವರು ಬದಲಾಗುತ್ತಾರೆ, ಕಾಲವೂ ಬದಲಾಗುತ್ತದೆ. ದಾನದ ಉದ್ದೇಶವನ್ನು ಕಾಯುವುದು ಬರೆದಿಟ್ಟ ಮಾತು. ಹೊರಗಿನ ದಾನಕ್ಕೆ ಸಲ್ಲುವ ಈ ವಿವೇಕ ಮನೆಯೊಳಗಿನ ದಾನಕ್ಕೆ ಏಕೆ ಸಲ್ಲಬಾರದು?

ಶಾಸನವೂ ಇದನ್ನೇ ಹೇಳುತ್ತದೆ. ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣದ 2007ರ ಕಾಯ್ದೆಯ 23ನೆಯ ಕಲಮಿನಂತೆ, ತಮ್ಮ ಮೂಲಭೂತ ಅಗತ್ಯಗಳನ್ನು ಪೂರೈಸಬೇಕೆಂಬ ಷರತ್ತಿನ ಮೇಲೆ ಅರುವತ್ತು ವರ್ಷ ಮೀರಿದವರು ಆಸ್ತಿಯನ್ನು ವರ್ಗಾಯಿಸಿದ್ದು, ಪಡೆದವರು ಆ ಷರತ್ತಿಗೆ ತಪ್ಪಿದರೆ, ಆ ವರ್ಗಾವಣೆಯನ್ನು ಅಸಿಂಧುವೆಂದು ಘೋಷಿಸಬಹುದು. ಆದರೆ 2022ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ಅಂತಹ ಷರತ್ತು ಇತ್ತೆಂಬುದೇ ಸಿದ್ಧಪಡದಿದ್ದಲ್ಲಿ ಈ ರಕ್ಷಣೆ ದೊರೆಯದೆಂದು ತೀರ್ಪಿತ್ತಿತು. 2025ರ ಜನವರಿಯಲ್ಲಿ ಮಧ್ಯಪ್ರದೇಶದ ತಾಯಿಯೊಬ್ಬರ ಪ್ರಕರಣದಲ್ಲಿ ಅದೇ ನ್ಯಾಯಾಲಯವು ಕಾಯ್ದೆಯನ್ನು ಉದಾರವಾಗಿ ಅರ್ಥೈಸಬೇಕೆಂದು ಹೇಳಿ, ಮಗನಿಗೆ ಕೊಟ್ಟ ದಾನವನ್ನು ರದ್ದುಗೊಳಿಸಿ ಸ್ವಾಧೀನವನ್ನು ಆಕೆಗೆ ಮರಳಿ ಕೊಡಿಸಿತು. ಅಲ್ಲಿ ಮಗನು ಪೋಷಣೆಯ ಮಾತನ್ನು ಬರೆದುಕೊಟ್ಟಿದ್ದನೆಂಬುದನ್ನು ಗಮನಿಸಬೇಕು. ಬಾಯಿಮಾತಿನ ಭರವಸೆಗೂ ಬರಹದ ಭರವಸೆಗೂ ಇರುವ ಅಂತರವಿದು.

ನನ್ನ ದೊಡ್ಡಮ್ಮನವರ ಸಂದರ್ಭಕ್ಕೆ ಇನ್ನೂ ಹತ್ತಿರವಾದ ಉಪಾಯವೂ ಇತ್ತು. ಜೀವಿತಾವಧಿಯವರೆಗೆ ವಾಸದ ಹಾಗೂ ಅನುಭೋಗದ ಹಕ್ಕನ್ನು ತಮ್ಮಲ್ಲಿಯೇ ಉಳಿಸಿಕೊಂಡು ಸ್ಥಿರಸ್ವತ್ತನ್ನು ದಾನ ಮಾಡಬಹುದೆಂದೂ, ಅಂತಹ ನೋಂದಾಯಿತ ದಾನವು ಊರ್ಜಿತವೆಂದೂ ಸರ್ವೋಚ್ಚ ನ್ಯಾಯಾಲಯವು 2014ರಲ್ಲಿಯೇ ಸ್ಪಷ್ಟಪಡಿಸಿತ್ತು. ಹಾಗೆ ಬರೆಯಿಸಿದ್ದರೆ, ಮಗನು ತನಗಿಲ್ಲದ ಹಕ್ಕನ್ನು ಅಡವಿಡಲಾಗುತ್ತಿರಲಿಲ್ಲ. ದಾನಪತ್ರವೇ ಬೇಡವೆಂದು ಮರಣಶಾಸನವನ್ನು ಬರೆಯಿಸಿದ್ದರೂ ಆಗುತ್ತಿತ್ತು. ಮರಣಶಾಸನವನ್ನು ಬರೆದವರು ಬದುಕಿರುವವರೆಗೆ ಎಷ್ಟು ಸಲವಾದರೂ ಬದಲಾಯಿಸಬಹುದು. ಅದಕ್ಕೆ ಇಬ್ಬರು ಸಾಕ್ಷಿಗಳು ಬೇಕು, ನೋಂದಣಿ ಕಡ್ಡಾಯವಲ್ಲ. ದಾನಪತ್ರವಾದರೋ ನೋಂದಣಿಯಾದೊಡನೆ ಕೈಬಿಟ್ಟ ಬಾಣ. ಮನಸ್ಸು ಬದಲಾಯಿತೆಂಬ ಒಂದೇ ಕಾರಣದಿಂದ ಹಿಂದಕ್ಕೆ ಬಾರದು. ಈ ಭೇದವನ್ನು ಹೇಳಬಲ್ಲ ಒಬ್ಬ ವಕೀಲರ ಬಳಿ ಅರ್ಧ ಗಂಟೆ ಕುಳಿತಿದ್ದರೆ ಸಾಕಾಗಿತ್ತು. ನಾವು ಕುಳಿತುಕೊಳ್ಳಲಿಲ್ಲ.

ಇಲ್ಲಿ ಒಂದು ಸೂಕ್ಷ್ಮವಿದೆ. ಮಗನು ಕರೆತಂದು, ಮಗನೇ ಶುಲ್ಕ ಕೊಟ್ಟು, ಮಗನಿಗಾಗಿ ಪತ್ರ ಬರೆಯುವ ವಕೀಲರು ಎಷ್ಟೇ ಸಜ್ಜನರಾಗಿದ್ದರೂ ಮಗನ ವಕೀಲರೇ. ಹಿರಿಯರ ಪರವಾಗಿ ಯೋಚಿಸುವವರು ಬೇರೆಯವರಿರಬೇಕು. ಹಿರಿಯರು ಅವರೊಡನೆ ಏಕಾಂತದಲ್ಲಿ ಮಾತನಾಡಬೇಕು. ಸಾಧ್ಯವಾದಲ್ಲಿ ಶುಲ್ಕವನ್ನು ತಮ್ಮ ಕೈಯಿಂದಲೇ ಕೊಡಬೇಕು. ಕರಡನ್ನು ಕನ್ನಡದಲ್ಲಿ ಓದಿಸಿ ಕೇಳಬೇಕು. "ನಾಳೆ ನನ್ನ ಮಗನಿಗೆ ಕಷ್ಟ ಬಂದರೆ ನನ್ನ ಗತಿಯೇನು? ಅವನು ನನಗಿಂತ ಮೊದಲೇ ತೀರಿಕೊಂಡರೆ ಈ ಮನೆಯಲ್ಲಿ ನನಗೆ ನೆಲೆಯುಂಟೆ?" ಎಂಬ ಎರಡು ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಬೇಕು. ಉತ್ತರ ತಿಳಿದ ಮೇಲೆ ಒಂದು ವಾರ ಕಳೆದು ಸಹಿ ಹಾಕಿದರೂ ಯಾವ ನಷ್ಟವೂ ಇಲ್ಲ.

ಕಾಲವಿಳಂಬವೂ ಕೂಡದು. ಅಧಿಕಾರಪತ್ರವೊಂದಿದ್ದರೆ ಎಲ್ಲವೂ ನಡೆದೀತೆಂದು ಅನೇಕರು ತಿಳಿದಿದ್ದಾರೆ. ಆದರೆ ಕೊಟ್ಟವರ ಬುದ್ಧಿ ಸ್ವಸ್ಥತೆಯನ್ನು ಕಳೆದುಕೊಂಡರೆ ಸಾಮಾನ್ಯವಾಗಿ ಆ ಅಧಿಕಾರವೂ ಕೊನೆಗೊಳ್ಳುತ್ತದೆಂಬುದು 1872ರ ಕರಾರು ಕಾಯ್ದೆಯ ನಿಯಮ. ಮರೆವಿನ ರೋಗ ಆವರಿಸಿದ ಮೇಲೆ ಬರೆಯಿಸಿದ ಪತ್ರವು ಕಲಹಕ್ಕೆ ಬೀಜವಾಗುತ್ತದೆ. ಜ್ಞಾಪಕವೂ ವಿವೇಕವೂ ನೆಟ್ಟಗಿರುವಾಗಲೇ ವಕೀಲರನ್ನು ಕಾಣಬೇಕು.

"ಹಿರಿಯರ ನ್ಯಾಯಮಂಡಳಿಯಲ್ಲಿ ವಕೀಲರಿಗೆ ಪ್ರವೇಶವಿಲ್ಲವೆಂದು ಕಾಯ್ದೆಯೇ ಹೇಳುತ್ತದಲ್ಲ" ಎಂದು ವಿಷಯ ಬಲ್ಲವರು ಆಕ್ಷೇಪಿಸಬಹುದು. ಉಪವಿಭಾಗಾಧಿಕಾರಿಗಳು ನಡೆಸುವ ಆ ಮಂಡಳಿಯ ಮುಂದೆ ವಕೀಲರು ವಾದಿಸುವುದನ್ನು 17ನೆಯ ಕಲಮು ನಿಷೇಧಿಸಿದುದು ನಿಜ; 2021ರಲ್ಲಿ ಕೇರಳದ ಉಚ್ಚ ನ್ಯಾಯಾಲಯವು ಆ ನಿಷೇಧವನ್ನು ಒಪ್ಪಲಿಲ್ಲವೆಂಬುದೂ ನಿಜ. ಆದರೆ ನನ್ನ ಮಾತು ಕಲಹವಾದ ಮೇಲಿನ ವಾದವನ್ನು ಕುರಿತದ್ದಲ್ಲ. ಕಲಹವೇ ಹುಟ್ಟದಂತೆ ಮಾಡಬಲ್ಲ, ಸಹಿಗೆ ಮೊದಲಿನ ಸಲಹೆಯನ್ನು ಕುರಿತದ್ದು.

ಶುಲ್ಕದ ಭಯದಿಂದ ಹಿಂಜರಿಯುವವರಿಗೂ ದಾರಿಯಿದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಂತೆ ಮಹಿಳೆಯರಿಗೂ ಪರಿಶಿಷ್ಟ ಜಾತಿ, ಪಂಗಡಗಳವರಿಗೂ ವರಮಾನದ ಮಿತಿಯಿಲ್ಲದೆ, ಇತರರಿಗೆ ನಿಗದಿತ ವರಮಾನದೊಳಗೆ, ಉಚಿತ ಕಾನೂನು ನೆರವು ದೊರೆಯುತ್ತದೆ. ಜಿಲ್ಲಾ ಪ್ರಾಧಿಕಾರದ ಕಚೇರಿಯಲ್ಲಿ ಅರ್ಜಿ ಸಲ್ಲಿಸಬಹುದು. ಹಿರಿಯರ ಸಹಾಯವಾಣಿಯ ಸಂಖ್ಯೆ 14567. ನನ್ನ ದೊಡ್ಡಮ್ಮನವರಿಗೆ ಇದಾವುದೂ ತಿಳಿದಿರಲಿಲ್ಲ. ಓದಿದವನೆನಿಸಿಕೊಂಡ ನನಗೂ ತಿಳಿದಿರಲಿಲ್ಲ.

ಕಡೆಯದಾಗಿ ಒಂದು ವಿಜ್ಞಾಪನೆ. ಈ ಶಾಲೆಯ ಹಳೆಯ ವಿದ್ಯಾರ್ಥಿಗಳಲ್ಲಿ ವಕೀಲರಾದವರು ಹಲವರಿದ್ದಾರೆ. ಅವರಲ್ಲಿ ನಾಲ್ವರು ವರ್ಷಕ್ಕೆರಡು ಭಾನುವಾರಗಳಂದು ಶಾಲೆಯ ಒಂದು ಕೊಠಡಿಯಲ್ಲಿ ಕುಳಿತು, ಸುತ್ತಲಿನ ಊರುಗಳ ವೃದ್ಧರು ತರುವ ಕಾಗದಗಳನ್ನು ಓದಿ ಅರ್ಥ ಹೇಳಿದರೆ, ಅದಕ್ಕಿಂತ ಮಿಗಿಲಾದ ಗುರುದಕ್ಷಿಣೆ ಬೇರೊಂದಿಲ್ಲ. ಬೆಂಚುಗಳನ್ನು ಹಾಕಿಸುವ, ಕುಡಿಯುವ ನೀರನ್ನಿಡಿಸುವ ಕೆಲಸ ಅಧ್ಯಾಪಕರಾದ ನಮಗಿರಲಿ.

ದೊಡ್ಡಮ್ಮನವರು 2021ರಲ್ಲಿ ಅದೇ ಬಾಡಿಗೆಯ ಕೋಣೆಯಲ್ಲಿ ತೀರಿಕೊಂಡರು. ನಾನು ತಿದ್ದಿದ ಆ ಕರಡು ಇನ್ನೂ ನನ್ನ ಬಳಿಯಿದೆ. ಅದರಲ್ಲಿ ಕಾಗುಣಿತದ ತಪ್ಪು ಒಂದೂ ಇಲ್ಲ.