ಮೊದಲು ಜಾಕೆಟ್, ಉಳಿದದ್ದು ಆಮೇಲೆ



ನಮ್ಮ ಚೀಕಲಪರ್ವಿ ವಿಜಯದಾಸರು ಹುಟ್ಟಿದ ಊರು. ಕಾರ್ತಿಕ ಶುದ್ಧ ದಶಮಿಯ ಆರಾಧನೆಗೆ ಬಂದ ಭಕ್ತರು ತುಂಗಭದ್ರೆಯನ್ನು ತಾಯಿಯೆಂದು ಕರೆದು ಮೀಯುತ್ತಾರೆ. ಆದರೆ ತಾಯಿಯೆಂದು ಕರೆದ ಮಾತ್ರಕ್ಕೆ ಹೊಳೆಯು ಮುಳುಗುವವರನ್ನು ಎತ್ತಿ ಹಿಡಿಯುವುದಿಲ್ಲ. ಈ ವಿಷಯದಲ್ಲಿ ನಾವು ತೋರುತ್ತಿರುವ ಉದಾಸೀನವನ್ನು ಕುರಿತು ನಿಷ್ಠುರವಾಗಿಯೇ ನಾಲ್ಕು ಮಾತು ಹೇಳಬೇಕಾಗಿದೆ.

2020ರ ಆಗಸ್ಟ್‌ನಲ್ಲಿ ನಮ್ಮದೇ ಜಿಲ್ಲೆಯ ಕುರ್ವಕಲಾ ನಡುಗಡ್ಡೆಯ ಬಳಿ, ತುಂಬಿ ಹರಿಯುತ್ತಿದ್ದ ಕೃಷ್ಣೆಯಲ್ಲಿ ತೆಪ್ಪ ಮಗುಚಿ ನಾಲ್ವರು ನೀರುಪಾಲಾದರು. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಗೆ ಹೋಗಿದ್ದವರ ದೋಣಿ ಕಡಲಿನಲ್ಲಿ ಮುಳುಗಿ 16 ಮಂದಿ ಸತ್ತರು. 2024ರ ಜನವರಿ 18ರಂದು ವಡೋದರೆಯ ಹರ್ಣಿ ಕೆರೆಯಲ್ಲಿ ಶಾಲಾ ಪ್ರವಾಸದ 12 ಮಕ್ಕಳು, 2 ಶಿಕ್ಷಕಿಯರು ಪ್ರಾಣ ಬಿಟ್ಟರು. ಕಾರವಾರ, ವಡೋದರಾ ಎರಡರಲ್ಲಿಯೂ ಕಂಡ ತಪ್ಪು ಒಂದೇ: ದೋಣಿಯಲ್ಲಿ ಮಿತಿ ಮೀರಿದ ಜನ, ಎಲ್ಲರ ಮೈಮೇಲೂ ಇರದ ಜಾಕೆಟ್.

“ನಮಗೆ ಈಜು ಬರುತ್ತದೆ” ಎನ್ನುವವರಿದ್ದಾರೆ. ಕಂಕುಳಲ್ಲಿರುವ ಕೂಸಿಗೆ ಬರುತ್ತದೆಯೇ? ತೋಯ್ದ ಸೀರೆ ಕಾಲಿಗೆ ಸುತ್ತಿಕೊಂಡ ತಾಯಿಗೆ, ತಲೆಗೆ ಪೆಟ್ಟು ಬಿದ್ದು ಪ್ರಜ್ಞೆ ತಪ್ಪಿದ ಈಜುಗಾರನಿಗೆ ಆ ವಿದ್ಯೆ ಏನು ಮಾಡೀತು? ತೆಪ್ಪವು ಗುಂಡಗಿರುತ್ತದೆ, ನಾಲ್ವರು ಒಂದೇ ಮಗ್ಗುಲಿಗೆ ವಾಲಿದರೆ ಸಾಕು, ಮಗುಚುತ್ತದೆ. ಆಗ ಜಾಕೆಟ್ ಹುಡುಕಿ ತೊಡಲು ವೇಳೆಯಿರುವುದಿಲ್ಲ. ಮೂಲೆಯಲ್ಲಿ ಕಟ್ಟಿಟ್ಟ ಜಾಕೆಟ್ ಇಲ್ಲದ ಜಾಕೆಟ್ಟಿಗೆ ಸಮ.

ಆದ್ದರಿಂದ ಆದ್ಯತೆಯ ಕ್ರಮ ಹೀಗಿರಲಿ. ಮೊದಲನೆಯದು, ಪ್ರತಿಯೊಬ್ಬರಿಗೂ ಅಳತೆಗೆ ತಕ್ಕ ಲೈಫ್ ಜಾಕೆಟ್, ಮಕ್ಕಳಿಗೆ ಮಕ್ಕಳದೇ. ಕೊಳ್ಳುವಾಗ ಅದರ ಮೇಲಿನ ನ್ಯೂಟನ್ ಸಂಖ್ಯೆಯನ್ನು ನೋಡಿರಿ: 50 ಎಂದಿರುವುದು ದಡದ ಸಮೀಪದ ಈಜುಗಾರರಿಗೆ ಮಾತ್ರ, ಈಜು ಬಾರದವರಿಗೆ 100, ಕಡಲಿಗೆ 150 ಬೇಕು. ಎರಡನೆಯದು, ಹತ್ತುವವರ ಸಂಖ್ಯೆಗೆ ಮಿತಿ. ಇದಕ್ಕೆ ಖರ್ಚೇ ಇಲ್ಲ. ಮೂರನೆಯದು, ಎಸೆಯಲು ತೇಲುವ ಹಗ್ಗ. ನಾಲ್ಕನೆಯದು, ನೀರು ಎತ್ತಿಹಾಕಲು ಡಬ್ಬಿ ಮತ್ತು ಇನ್ನೊಂದು ಹುಟ್ಟು. ಸೀಟಿ, ಬ್ಯಾಟರಿ, ನೀರು ತಾಗದ ಚೀಲದಲ್ಲಿ ಮೊಬೈಲು ಆಮೇಲೆ. ಕಡಲಿಗಿಳಿಯುವವರಿಗೆ ವೈರ್‌ಲೆಸ್, ಜಿಪಿಎಸ್ ಅಗತ್ಯವೇ. ಆದರೆ ಅವು ದೋಣಿ ಇರುವ ಸ್ಥಳವನ್ನು ತಿಳಿಸುತ್ತವೆ, ಮುಳುಗುವವನ ಮೂಗನ್ನು ನೀರಿನ ಮೇಲೆ ಹಿಡಿಯುವುದಿಲ್ಲ.

“ಸೇತುವೆ ಕಟ್ಟಿಸಲಿ” ಎಂಬ ಬೇಡಿಕೆ ನ್ಯಾಯವಾದುದೇ. ಸೇತುವೆಗೆ ವರ್ಷಗಳು ಹಿಡಿಯುತ್ತವೆ. ಜಾಕೆಟ್ಟಿಗೆ ಒಂದು ಸಂತೆಯ ದಿನ ಸಾಕು. ಅಂಬಿಗ ಬಡವನೆಂಬುದೂ ನಿಜ. ಹಾಗಾದರೆ ಆ ಹೊರೆಯನ್ನು ಪಂಚಾಯಿತಿ ಹೊರಲಿ. ದುರಂತವಾದ ಮೇಲೆ ಪರಿಹಾರದ ಚೆಕ್ಕಿಗೆ ದೊರೆಯುವ ಹಣ ಮೊದಲೇ ಏಕೆ ದೊರೆಯುವುದಿಲ್ಲ? ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವ ಆಡಳಿತ ನಮಗೆ ಬೇಡ.

ನಿಮ್ಮಲ್ಲಿ ಹಲವರು ಇಂದು ಶಿಕ್ಷಕರು, ಅಧಿಕಾರಿಗಳು, ಪಂಚಾಯಿತಿ ಸದಸ್ಯರು. ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದಾಗ ಒಂದು ಜಾಕೆಟ್ ಕಡಿಮೆಯಿದ್ದರೂ ದೋಣಿ ಹತ್ತಿಸಬೇಡಿರಿ. ಮಕ್ಕಳು ಮುನಿಸಿಕೊಂಡರೆ ಮುನಿಸಿಕೊಳ್ಳಲಿ. ಮುನಿಸಿಕೊಂಡೇ ಮನೆಗೆ ಮರಳಲಿ.