ಗಮನದ ಗುಳಿಗೆ: ಬೇಕಾದವರಿಗೆ ಭಯ, ಬೇಡದವರಿಗೆ ಆಸೆ

ಪರೀಕ್ಷೆಗಳು ಹತ್ತಿರವಾದಂತೆ ಡಾಕ್ಟರ ಬಳಿ ಬರುವ ಬೇಡಿಕೆಗಳ ಸ್ವರೂಪವೂ ಬದಲಾಗುತ್ತದೆ. ಮೊದಲೆಲ್ಲ ‘ಜ್ಞಾಪಕಶಕ್ತಿಗೆ ಒಂದು ಟಾನಿಕ್ ಬರೆದುಕೊಡಿ’ ಎನ್ನುತ್ತಿದ್ದರು. ಈಗ ಪಿಯುಸಿ ಓದುವ ಹುಡುಗರು ಗುಳಿಗೆಯ ಹೆಸರನ್ನೇ ಹೇಳಿ ಕೇಳುತ್ತಾರೆ. ಇನ್ನೊಂದೆಡೆ, ಅದೇ ಗುಳಿಗೆ ನಿಜವಾಗಿಯೂ ಬೇಕಾದ ಮಗುವಿನ ತಾಯಿ, ಮನೋವೈದ್ಯರು ಬರೆದುಕೊಟ್ಟ ಚೀಟಿಯನ್ನು ಔಷಧದ ಅಂಗಡಿಗೆ ತೋರಿಸದೆ ತಿಂಗಳುಗಟ್ಟಲೆ ಪರ್ಸಿನಲ್ಲೇ ಇಟ್ಟುಕೊಂಡಿರುತ್ತಾರೆ. ಈ ಇಬ್ಬರಿಗೂ ಹೇಳಬೇಕಾದ ಮಾತುಗಳಿವೆ.

ಗುಳಿಗೆಯ ಹೆಸರು ಮೀಥೈಲ್‌ಫೆನಿಡೇಟ್. ಗಮನದ ಕೊರತೆ ಮತ್ತು ಅತಿ ಚಟುವಟಿಕೆಯ ತೊಂದರೆಗೆ, ಅಂದರೆ ವೈದ್ಯರು ಎ.ಡಿ.ಎಚ್.ಡಿ. ಎಂದು ಕರೆಯುವ ಸ್ಥಿತಿಗೆ, ನಮ್ಮಲ್ಲಿ ಕೊಡುವ ಮುಖ್ಯ ಉತ್ತೇಜಕ ಔಷಧ ಇದು. ಹೊಸದೇನಲ್ಲ. 1944ರಲ್ಲಿ ಸ್ವಿಟ್ಜರ್‌ಲೆಂಡಿನ ಸೀಬಾ ಕಂಪನಿಯಲ್ಲಿ ಲಿಯಾಂಡ್ರೊ ಪಾನಿಟ್ಸೋನ್ ಎಂಬ ರಸಾಯನ ವಿಜ್ಞಾನಿ ಇದನ್ನು ತಯಾರಿಸಿದ. ರಿಟಾಲಿನ್ ಎಂಬ ಪ್ರಸಿದ್ಧ ಹೆಸರು ಬಂದದ್ದು ಅವನ ಹೆಂಡತಿ ರೀಟಾಳಿಂದ. ಅದಕ್ಕೂ ಮೊದಲೇ, 1937ರಲ್ಲಿ, ಅಮೆರಿಕದ ಚಾರ್ಲ್ಸ್ ಬ್ರಾಡ್ಲಿ ಎಂಬ ವೈದ್ಯ 30 ಮಕ್ಕಳಿಗೆ ಬೆಂಜೆಡ್ರಿನ್ ಎಂಬ ಉತ್ತೇಜಕ ಕೊಟ್ಟು ನೋಡಿದ್ದ. ಸುಮಾರು ಅರ್ಧದಷ್ಟು ಮಕ್ಕಳು ಶಾಲೆಯ ಕೆಲಸದಲ್ಲಿ ಎದ್ದು ಕಾಣುವಂತೆ ಸುಧಾರಿಸಿದರು.

‘ಮೊದಲೇ ಕುಣಿಯುವ ಮಗುವಿಗೆ ಉತ್ತೇಜಕ ಕೊಡುವುದೇ?’ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಮಿದುಳಿನ ಮುಂಭಾಗವು ‘ತಾಳು, ಇದನ್ನು ಮುಗಿಸು, ಆಮೇಲೆ ಅದು’ ಎಂದು ನಮ್ಮನ್ನು ಹಿಡಿದಿಡುತ್ತದೆ. ಆ ಕೆಲಸಕ್ಕೆ ಡೋಪಮಿನ್ ಮತ್ತು ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕಗಳು ಬೇಕು. ಗುಳಿಗೆ ಅವುಗಳ ಪ್ರಮಾಣವನ್ನು ಹೆಚ್ಚಿಸುತ್ತದೆ. ಎಂದರೆ ಉತ್ತೇಜನ ಸಿಗುವುದು ಕುದುರೆಗಲ್ಲ, ಲಗಾಮು ಹಿಡಿದ ಸವಾರನಿಗೆ. ಇದು ಮಗುವನ್ನು ಮಂಕು ಮಾಡುವ ನಿದ್ರೆಯ ಔಷಧವಲ್ಲ. ಮಗು ಮಂಕಾಗಿದ್ದರೆ ಪ್ರಮಾಣ ಹೆಚ್ಚಾಗಿದೆ ಎಂದೇ ತಿಳಿದು ವೈದ್ಯರಿಗೆ ಹೇಳಿ.

ಆದರೆ ಚೇಷ್ಟೆ ಮಾಡುವ ಮಕ್ಕಳೆಲ್ಲ ರೋಗಿಗಳಲ್ಲ. ಈ ತೊಂದರೆ ಇದೆಯೆನ್ನಲು ಲಕ್ಷಣಗಳು 12 ವರ್ಷದೊಳಗೇ ಕಾಣಿಸಿಕೊಂಡಿರಬೇಕು. ಮನೆ, ಶಾಲೆ ಎರಡೂ ಕಡೆ ಇರಬೇಕು, ಕನಿಷ್ಠ ಆರು ತಿಂಗಳು ಇರಬೇಕು, ಮಗುವಿನ ಬಾಳಿಗೆ ಅಡ್ಡಿಯಾಗುತ್ತಿರಬೇಕು. ಶಾಲೆಯಲ್ಲಿ ಮಾತ್ರ ‘ಗಮನವಿಲ್ಲ’ ಎಂದರೆ ಮೊದಲು ಕಣ್ಣು, ಕಿವಿ ಪರೀಕ್ಷಿಸಿ. ಹಲಗೆ ಕಾಣದ ಹುಡುಗ ಪಕ್ಕದವನ ಪುಸ್ತಕ ಇಣುಕುತ್ತಾನೆ; ಕಿವಿ ಸೋರುವ ಹುಡುಗಿ ಕರೆದರೆ ತಿರುಗುವುದಿಲ್ಲ. ರಕ್ತಹೀನತೆ, ಥೈರಾಯ್ಡ್ ತೊಂದರೆ, ಮೂಗಿನ ಹಿಂದಿನ ಗ್ರಂಥಿ ಊದಿಕೊಂಡು ರಾತ್ರಿ ಗೊರಕೆ ಹೊಡೆದು ಹಗಲು ತೂಕಡಿಸುವುದು ಇವೆಲ್ಲ ಗಮನವನ್ನು ಕೆಡಿಸುತ್ತವೆ. ಕೆಲವು ಸೆಕೆಂಡು ನೆಟ್ಟ ನೋಟದಲ್ಲಿ ನಿಂತುಬಿಡುವ ಒಂದು ಬಗೆಯ ಮೂರ್ಛೆಯೂ ಇದೆ. ಮೇಷ್ಟ್ರ ಕಣ್ಣಿಗೆ ಅದು ಹಗಲುಗನಸು. ಓದು ಬರಹದ ನ್ಯೂನತೆ ಇರುವ ಮಗುವಿಗೆ ಎಷ್ಟು ಗುಳಿಗೆ ಕೊಟ್ಟರೂ ಅಕ್ಷರ ಕೂಡುವುದಿಲ್ಲ. ರಾತ್ರಿ ಹನ್ನೆರಡರವರೆಗೆ ಮೊಬೈಲ್ ನೋಡುವ ಮಗುವಿಗೆ ಏನು ಬೇಕೆಂದು ನಾನು ಹೇಳಬೇಕಾಗಿಲ್ಲ.

ಇಲ್ಲಿ ಶಾಲೆಗಳ ಬಗ್ಗೆ ಒಂದು ಮಾತು. ‘ಗುಳಿಗೆ ಶುರುಮಾಡಿ, ಇಲ್ಲವೇ ಟಿ.ಸಿ. ತೆಗೆದುಕೊಳ್ಳಿ’ ಎಂದು ಹೇಳುವ ಹಕ್ಕು ಯಾವ ಮುಖ್ಯೋಪಾಧ್ಯಾಯರಿಗೂ ಇಲ್ಲ. ತರಗತಿಯಲ್ಲಿ ಮಗು ಹೇಗಿರುತ್ತದೆ ಎಂದು ಬರೆದುಕೊಡುವುದು ಶಿಕ್ಷಕರ ಕೆಲಸ, ಅದು ನಮಗೆ ಬಹಳ ಉಪಯುಕ್ತ ಕೂಡ. ರೋಗ ನಿರ್ಣಯ, ಔಷಧ ಎರಡೂ ಮಕ್ಕಳ ಮನೋವೈದ್ಯರದು ಅಥವಾ ಈ ವಿಷಯದಲ್ಲಿ ತರಬೇತಿಯಿರುವ ಮಕ್ಕಳ ತಜ್ಞರದು. ನನ್ನಂಥ ಎಂ.ಬಿ.ಬಿ.ಎಸ್. ವೈದ್ಯರು ಹತ್ತು ನಿಮಿಷ ನೋಡಿ ಇದನ್ನು ಆರಂಭಿಸಕೂಡದು ಎಂಬುದೇ ನನ್ನ ಅಭಿಪ್ರಾಯ. ನಾವು ತೂಕ, ಎತ್ತರ, ರಕ್ತದೊತ್ತಡ ನೋಡಿಕೊಳ್ಳುತ್ತೇವೆ. ಅದೇನೂ ಸಣ್ಣ ಕೆಲಸವಲ್ಲ.

ಆರು ವರ್ಷದೊಳಗಿನ ಮಕ್ಕಳಿಗೆ ಮೊದಲು ಬೇಕಾದದ್ದು ತಂದೆತಾಯಿಗೆ ತರಬೇತಿ: ಒಂದು ಸಲಕ್ಕೆ ಒಂದೇ ಕೆಲಸ ಹೇಳುವುದು, ಮಾಡಿದ ಕೂಡಲೇ ಮೆಚ್ಚುವುದು, ದಿನಚರಿ ತಪ್ಪದಿರುವುದು. ದೊಡ್ಡ ಮಕ್ಕಳಿಗೂ ಇದು ಬೇಕು, ಗುಳಿಗೆಯ ಜೊತೆಗೆ.

ಗುಳಿಗೆ ಕೊಡುವ ಮುನ್ನ ವೈದ್ಯರು ಕೇಳದಿದ್ದರೂ ನೀವಾಗಿಯೇ ಹೇಳಬೇಕಾದ ಸಂಗತಿಗಳಿವೆ. ಮಗುವಿಗೆ ಹುಟ್ಟಿನಿಂದ ಹೃದಯದ ದೋಷವಿದೆಯೇ? ಓಡುವಾಗ ಎಂದಾದರೂ ಎಚ್ಚರ ತಪ್ಪಿತ್ತೇ? ಮನೆತನದಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಹಠಾತ್ತಾಗಿ ತೀರಿಕೊಂಡಿದ್ದಾರೆಯೇ? ಮುಖ, ಭುಜ ಅದುರಿಸುವ ಅಭ್ಯಾಸವಿದೆಯೇ? ಮನೆಯಲ್ಲಿ ಯಾರಿಗಾದರೂ ತೀವ್ರ ಮಾನಸಿಕ ಕಾಯಿಲೆ ಅಥವಾ ಮಾದಕ ವಸ್ತುವಿನ ಚಟವಿತ್ತೇ? ಕೊನೆಯ ಪ್ರಶ್ನೆಗೆ ನಮ್ಮ ಜನ ಸುಳ್ಳು ಹೇಳುವುದೇ ಹೆಚ್ಚು. ದಯವಿಟ್ಟು ಹೇಳಬೇಡಿ.

ಸಾಮಾನ್ಯವಾಗಿ 5 ಮಿಲಿಗ್ರಾಂನಂಥ ಸಣ್ಣ ಪ್ರಮಾಣದಿಂದ ಆರಂಭಿಸಿ, ವಾರಕ್ಕೊಮ್ಮೆ ನೋಡಿ ಏರಿಸುತ್ತಾರೆ. ಸಾದಾ ಗುಳಿಗೆಯ ಪ್ರಭಾವ ಮೂರು ನಾಲ್ಕು ಗಂಟೆ. ನಿಧಾನವಾಗಿ ಬಿಡುಗಡೆಯಾಗುವ ಬಗೆಯದು ಹೆಚ್ಚು ಹೊತ್ತು ಇರುತ್ತದೆ. ಈ ಎರಡನೆಯ ಬಗೆಯನ್ನು ಪುಡಿ ಮಾಡಿ, ಅಗಿದು ಕೊಡಬೇಡಿ. ಇಡೀ ದಿನದ ಔಷಧ ಒಮ್ಮೆಗೇ ಮೈಗೆ ಸೇರುತ್ತದೆ. ಸಂಜೆ ಕೊಟ್ಟರೆ ನಿದ್ದೆ ಹೋಗುತ್ತದೆ.

ಹಸಿವು ಕಡಿಮೆಯಾಗುವುದು ಎಲ್ಲರೂ ಗಮನಿಸುವ ಅಡ್ಡ ಪರಿಣಾಮ. ಉಪಾಯ ಸುಲಭ. ಗುಳಿಗೆಗೆ ಮುನ್ನ ಹೊಟ್ಟೆ ತುಂಬ ದೋಸೆಯೋ ರೊಟ್ಟಿಯೋ ತಿನ್ನಿಸಿ. ಮಧ್ಯಾಹ್ನದ ಡಬ್ಬಿ ಹಾಗೇ ವಾಪಸು ಬಂದರೆ ಗದರಬೇಡಿ. ಸಂಜೆ ಹಸಿವು ಮರಳಿದಾಗ ಕಡಲೆಬೀಜದ ಚಿಕ್ಕಿ, ಬಾಳೆಹಣ್ಣು, ರಾತ್ರಿ ಮುದ್ದೆ, ಸಾರು, ಮೊಸರನ್ನ ಸಾಕಷ್ಟು ಕೊಡಿ. ತಲೆನೋವು, ಹೊಟ್ಟೆನೋವು, ಸಿಡುಕು ಮೊದಲ ವಾರಗಳಲ್ಲಿ ಬಂದು ಹೋಗಬಹುದು. ನಾಡಿ ಮತ್ತು ರಕ್ತದೊತ್ತಡ ಸ್ವಲ್ಪ ಏರಬಹುದು. ಆದ್ದರಿಂದಲೇ ಅಳತೆ ತಪ್ಪಿಸಬಾರದು. ಎತ್ತರದ ಪ್ರಶ್ನೆಯನ್ನು ಮುಚ್ಚಿಡುವುದಿಲ್ಲ. ಅಮೆರಿಕದಲ್ಲಿ 579 ಮಕ್ಕಳನ್ನು ಅನುಸರಿಸಿದ ದೊಡ್ಡ ಅಧ್ಯಯನವೊಂದರಲ್ಲಿ, ಔಷಧ ಹೊಸದಾಗಿ ಆರಂಭಿಸಿ ಮುಂದುವರಿಸಿದ ಮಕ್ಕಳು ಮೂರು ವರ್ಷದಲ್ಲಿ ಔಷಧವಿಲ್ಲದವರಿಗಿಂತ ಸುಮಾರು 2 ಸೆಂಟಿಮೀಟರ್ ಕಡಿಮೆ ಬೆಳೆದಿದ್ದರು. ಶಾಲೆ ಬಿಟ್ಟು ಅಲೆಯುವ, ರಸ್ತೆಗೆ ನುಗ್ಗುವ ಮಗುವಿನ ತಾಯಿ ಈ 2 ಸೆಂಟಿಮೀಟರನ್ನು ಹೇಗೆ ತೂಗುತ್ತಾರೋ ಅದು ಅವರಿಗೆ ಬಿಟ್ಟದ್ದು. ನನ್ನ ಮಗುವಾಗಿದ್ದರೆ ನಾನು ಗುಳಿಗೆ ಕೊಡುತ್ತಿದ್ದೆ.

ಎದೆನೋವು, ಎಚ್ಚರ ತಪ್ಪುವುದು, ಇಲ್ಲದ್ದು ಕಾಣುವುದು, ಕೇಳಿಸುವುದು, ಸಾಯುವ ಮಾತಾಡುವುದು, ಹುಡುಗರಲ್ಲಿ ಗಂಟೆಗಟ್ಟಲೆ ಇಳಿಯದ ಶಿಶ್ನದ ನಿಮಿರುವಿಕೆ: ಇವುಗಳಲ್ಲಿ ಯಾವುದಾದರೂ ಕಂಡರೆ ಮುಂದಿನ ಗುಳಿಗೆ ಕೊಡದೆ ಅಂದೇ ಆಸ್ಪತ್ರೆಗೆ ಹೋಗಿ. ನೆಗಡಿಗೆಂದು ಅಂಗಡಿಯಲ್ಲಿ ಕೊಳ್ಳುವ ಮಾತ್ರೆಗಳಲ್ಲಿ ಮೂಗು ಬಿಡಿಸುವ ಔಷಧವಿದ್ದರೆ ರಕ್ತದೊತ್ತಡ ಇನ್ನಷ್ಟು ಏರಬಹುದು. ಲಿನೆಜೋಲಿಡ್ ಎಂಬ ಆಂಟಿಬಯೋಟಿಕ್ ಜೊತೆ ಇದು ಸಲ್ಲದು. ಯಾವ ಡಾಕ್ಟರ ಬಳಿ ಹೋದರೂ ಗುಳಿಗೆಯ ಹೆಸರನ್ನು ಮೊದಲು ಹೇಳಿ.

ಇನ್ನು ಭಯದ ವಿಷಯ. ‘ಚಟ ಹತ್ತುತ್ತದೆಯೇ?’ ಎಂದು ಕೇಳದ ತಾಯಿಯಿಲ್ಲ. ವೈದ್ಯರು ಹೇಳಿದ ಪ್ರಮಾಣದಲ್ಲಿ ಬಾಯಿಯ ಮೂಲಕ ತೆಗೆದುಕೊಂಡ ಮಕ್ಕಳು ಮುಂದೆ ಹೆಚ್ಚಾಗಿ ಮಾದಕ ವ್ಯಸನಿಗಳಾಗುತ್ತಾರೆ ಎಂಬುದಕ್ಕೆ ಅಧ್ಯಯನಗಳಲ್ಲಿ ಆಧಾರ ಸಿಕ್ಕಿಲ್ಲ. ಅಪಾಯವಿರುವುದು ಹೆಚ್ಚು ನುಂಗುವವರಿಗೆ, ಪುಡಿ ಮಾಡಿ ಮೂಗಿಗೆ ಸೇದುವವರಿಗೆ, ಇನ್ನೊಬ್ಬರ ಗುಳಿಗೆ ಕದಿಯುವವರಿಗೆ. ಅಮೆರಿಕದ ಔಷಧ ಇಲಾಖೆ 2023ರಲ್ಲಿ ಉತ್ತೇಜಕಗಳ ಎಚ್ಚರಿಕೆಯನ್ನು ಬಿಗಿಗೊಳಿಸಿದ್ದೂ ಈ ದುರ್ಬಳಕೆಯನ್ನು ನೋಡಿಯೇ.

ಪರೀಕ್ಷೆಗೆ ಓದಲು ಗುಳಿಗೆ ಕೇಳುವ ಹುಡುಗರೇ, ಈ ಭಾಗ ನಿಮಗಾಗಿ. 2023ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 40 ಆರೋಗ್ಯವಂತರಿಗೆ ಇಂಥ ಗುಳಿಗೆಗಳನ್ನು ಕೊಟ್ಟು ಕಠಿಣ ಲೆಕ್ಕ ಬಿಡಿಸಲು ಹೇಳಿದರು. ಅವರು ಹೆಚ್ಚು ಹೊತ್ತು, ಹೆಚ್ಚು ಹುಮ್ಮಸ್ಸಿನಿಂದ ಕೂತರು. ಆದರೆ ಉತ್ತರದ ಗುಣಮಟ್ಟ ಕುಸಿಯಿತು. ‘ಚೆನ್ನಾಗಿ ಓದಿದೆ’ ಎಂಬ ಭಾವನೆ ಬೇರೆ, ಓದಿದ್ದು ತಲೆಗೆ ಹೋಗುವುದು ಬೇರೆ. ರಾತ್ರಿಯ ನಿದ್ದೆ ಬಿಟ್ಟರೆ ಓದಿದ್ದು ಉಳಿಯುವುದೂ ಇಲ್ಲ. ಜೊತೆಗೆ ನಾಲ್ಕು ಲೋಟ ಕಾಫಿ ಕುಡಿದರೆ ಎದೆ ಡವಗುಟ್ಟುವುದನ್ನು ಪರೀಕ್ಷೆಯ ಹೆದರಿಕೆ ಎಂದುಕೊಳ್ಳುತ್ತೀರಿ.

ಕಾನೂನಿನ ಮಾತೂ ಇದೆ. ಮೀಥೈಲ್‌ಫೆನಿಡೇಟ್ ನಮ್ಮ ಔಷಧ ನಿಯಮಗಳ ‘ಎಕ್ಸ್’ ಪಟ್ಟಿಯಲ್ಲಿದೆ. ಚೀಟಿ ಎರಡು ಪ್ರತಿ ಬೇಕು. ಅಂಗಡಿಯವರು ಒಂದನ್ನು ಎರಡು ವರ್ಷ ಇಟ್ಟುಕೊಳ್ಳಬೇಕು. 1985ರ ಮಾದಕ ವಸ್ತು ಕಾಯಿದೆಯ ವ್ಯಾಪ್ತಿಗೂ ಇದು ಬರುತ್ತದೆ. ಹಾಸ್ಟೆಲ್ ಗೆಳೆಯನಿಗೆ ‘ಎರಡು ಗುಳಿಗೆ ತಾನೇ’ ಎಂದು ಕೊಡುವುದು ಅಪರಾಧವಾದೀತು. ಆದ್ದರಿಂದ ಗುಳಿಗೆ ಮನೆಯಲ್ಲಿ ಬೀಗದೊಳಗಿರಲಿ, ಎಣಿಸಿಡಿ, ದೊಡ್ಡವರೇ ಕೈಯಾರೆ ಕೊಡಲಿ.

ಅಮೆರಿಕದಿಂದ ರಜೆಗೆ ಬರುವ ಮೊಮ್ಮಕ್ಕಳು ಅಡೆರಾಲ್ ತೆಗೆದುಕೊಳ್ಳುತ್ತಿರಬಹುದು. ಅದು ಆಂಫೆಟಮಿನ್, ನಮ್ಮ ಅಂಗಡಿಗಳಲ್ಲಿ ಸಿಗುವುದಿಲ್ಲ. ಹೊರಡುವ ಮುನ್ನವೇ ಅಲ್ಲಿಯ ವೈದ್ಯರನ್ನು, ಇಲ್ಲಿಯ ನಿಯಮಗಳನ್ನು ವಿಚಾರಿಸಿಕೊಂಡು, ಮೂಲ ಡಬ್ಬಿ ಮತ್ತು ಚೀಟಿಯೊಂದಿಗೆ ಬರಲಿ. ಅಜ್ಜ ಅಂಗಡಿಯಲ್ಲಿ ‘ಅದರಂಥದ್ದೇ’ ಬೇರೊಂದನ್ನು ಕೇಳುವುದು ಬೇಡ.

ಉತ್ತೇಜಕ ಒಗ್ಗದವರಿಗೆ ಆಟೊಮೊಕ್ಸೆಟಿನ್ ಎಂಬ ಬೇರೆ ಬಗೆಯ ಔಷಧವಿದೆ. ಅದರ ಪ್ರಭಾವ ಕಾಣಲು ವಾರಗಳು ಬೇಕು. ಎಲ್ಲಿ ತೋರಿಸಬೇಕೆಂದು ತಿಳಿಯದವರು ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ವಿಚಾರಿಸಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೆಂದೇ ಪ್ರತ್ಯೇಕ ವಿಭಾಗವಿದೆ.

ಎಷ್ಟು ವರ್ಷ ಕೊಡಬೇಕು ಎಂಬುದಕ್ಕೆ ಒಂದೇ ಉತ್ತರವಿಲ್ಲ. ಕೆಲವರಿಗೆ ಎರಡು ವರ್ಷ ಸಾಕು, ಕೆಲವರಿಗೆ ಕಾಲೇಜಿನವರೆಗೂ ಬೇಕು. ವರ್ಷಕ್ಕೊಮ್ಮೆಯಾದರೂ ಇನ್ನೂ ಬೇಕೇ ಎಂದು ವೈದ್ಯರನ್ನು ಕೇಳಿ. ನಿಲ್ಲಿಸಿ ನೋಡುವುದಾದರೆ ಅವರ ಸಲಹೆಯಂತೆ, ಶಾಲೆ ನಡೆಯುತ್ತಿರುವ ಸಾಮಾನ್ಯ ತಿಂಗಳೊಂದರಲ್ಲಿ ನಿಲ್ಲಿಸಿ, ಶಿಕ್ಷಕರಿಗೆ ಹೇಳದೆ ಎರಡು ವಾರ ಬಿಟ್ಟು ಅವರ ಅಭಿಪ್ರಾಯ ಕೇಳಿ. ಮಾರ್ಚ್ ತಿಂಗಳಲ್ಲಂತೂ ಈ ಪ್ರಯೋಗ ಬೇಡ.